ಮಾಮಾ, ದೇವರಿದ್ದಾನೆ ಎಂದು ಸಾಬೀತು ಮಾಡಲು ಆಗುತ್ತದಾ?



ಕಳೆದ ರಂಝಾನಿಗೆ ಸ್ವಲ್ಪ ಮೊದಲು, ಇಶಾ ಮುಗಿಸಿ ಅಂಗಡಿಯ ಶಟರ್ ಎಳೆಯುವ ಹೊತ್ತಿಗೆ ಅಕ್ಕನ ಫೋನ್ ಬಂತು. ಅವಳ ದೊಡ್ಡ ಮಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ರಜೆಗೆ ಬಂದವನು ಮೂರು ಜುಮಾಕ್ಕೆ ಪಳ್ಳಿಗೆ ಹೋಗಿಲ್ಲ. ಕೇಳಿದರೆ, "ದೇವರಿದ್ದಾನೆ ಎಂದು ಯಾರಾದರೂ ಸಾಬೀತು ಮಾಡಿದ್ದಾರಾ? ತೋರಿಸಿ, ಬರುತ್ತೇನೆ" ಎಂದನಂತೆ. ಗಲ್ಫಿನಲ್ಲಿರುವ ಭಾವ ಫೋನಿನಲ್ಲೇ ಕೂಗಾಡಿದ್ದಾರೆ. ಮನೆಯ ಹಿರಿಯರೊಬ್ಬರು ಇಂಥ ಪ್ರಶ್ನೆ ಬಾಯಲ್ಲಿ ಬರುವುದೇ ಹರಾಂ ಎಂದಿದ್ದಾರೆ. ಹುಡುಗ ಊಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಅಕ್ಕ ಅಳುತ್ತಿದ್ದಳು.

ಮರುದಿನ ಹೋದೆ. ಅವನು ನನ್ನನ್ನೂ ಅದನ್ನೇ ಕೇಳಿದ. "ಮಾಮಾ, ನೀವು ಹೇಳಿ. ಸಾಬೀತು ಮಾಡಲು ಆಗುತ್ತದಾ?"

ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಉಸ್ತಾದನಲ್ಲ. ದಿನಸಿ ಅಂಗಡಿಯವನ ಮಗ, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಹಗಲು ವರ್ಕ್‌ಶಾಪ್, ಸಂಜೆ ಉಪ್ಪನ ಅಂಗಡಿ. ಆದರೆ ಅವನಿಗೆ ಒಂದು ಮಾತು ಕೊಟ್ಟೆ. "ಸಮಯ ಕೊಡು ಮೋನೇ. ಈ ಪ್ರಶ್ನೆಯನ್ನು ನಿನಗಿಂತ ಮೊದಲು ಯಾರು ಕೇಳಿದ್ದಾರೆ, ಏನು ಉತ್ತರ ಸಿಕ್ಕಿತು, ಆ ಉತ್ತರಕ್ಕೆ ಯಾರು ತಿರುಗಿ ಪ್ರಶ್ನೆ ಹಾಕಿದರು ಎಂದು ಓದಿ ಹೇಳುತ್ತೇನೆ." ಮಲಯಾಳಂ, ಇಂಗ್ಲಿಷ್ ಪುಸ್ತಕಗಳನ್ನು ಹಿಡಿದು ಕೆಲವು ತಿಂಗಳು ಓದಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಮಕ್ಕಳು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು.

ಬಗ್ದಾದಿನಲ್ಲಿ ಶುರುವಾದ ಲೆಕ್ಕ

ಪ್ರಶ್ನೆ ಕೇಳುವುದೇ ತಪ್ಪು ಎನ್ನುವವರು ಮೊದಲು ಅತ್ತೂರ್ ಸೂರಾವನ್ನು ನೋಡಬೇಕು. ಮನುಷ್ಯ ಏನೂ ಇಲ್ಲದೆ ತಾನಾಗಿ ಉಂಟಾದನೇ, ಇಲ್ಲ ತನ್ನನ್ನು ತಾನೇ ಮಾಡಿಕೊಂಡನೇ ಎಂಬ ಅರ್ಥದ ಪ್ರಶ್ನೆಯನ್ನು ಖುರ್‌ಆನೇ ಕೇಳುವವರ ಮುಂದೆ ಇಡುತ್ತದೆ. ಬದ್ರ್ ಯುದ್ಧದ ಖೈದಿಗಳ ವಿಷಯ ಮಾತಾಡಲು ಮದೀನಕ್ಕೆ ಬಂದಿದ್ದ ಜುಬೈರ್ ಇಬ್ನು ಮುತ್‌ಇಮ್ ಮಗ್ರಿಬ್ ನಮಾಝಿನಲ್ಲಿ ಪ್ರವಾದಿಯವರು(ಸ) ಆ ಸೂರಾ ಓದುವುದನ್ನು ಕೇಳಿದರು. ಆಗ ಅವರು ಮುಸ್ಲಿಮರಾಗಿರಲಿಲ್ಲ. ಹೃದಯ ಹಾರಿಹೋಗುವಂತಾಯಿತು ಎಂದು ಮುಂದೆ ಅವರೇ ಹೇಳಿದ ಮಾತು ಬುಖಾರಿಯಲ್ಲಿದೆ. ಅವರ ಹೃದಯವನ್ನು ಅಲ್ಲಾಡಿಸಿದ್ದು ಒಂದು ಪ್ರಶ್ನೆ.

ಅದನ್ನು ತರ್ಕದ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಕೆಲಸ ನಡೆದದ್ದು ಹೆಚ್ಚಾಗಿ ಬಗ್ದಾದಿನಲ್ಲಿ. ಖಲೀಫ ಮನ್ಸೂರ್ 762ರಲ್ಲಿ ಕಟ್ಟಿದ ಊರು ಅದು. ಮುಂದಿನ ನೂರೈವತ್ತು ಇನ್ನೂರು ವರ್ಷಗಳಲ್ಲಿ ಗ್ರೀಕರ ವೈದ್ಯ, ಗಣಿತ, ತತ್ವಶಾಸ್ತ್ರದ ಪುಸ್ತಕಗಳು ಅಲ್ಲಿ ಅರಬಿಗೆ ಬಂದವು. ಅವುಗಳ ಜೊತೆ ಅರಿಸ್ಟಾಟಲನ ಒಂದು ಅಭಿಪ್ರಾಯವೂ ಬಂತು. ಜಗತ್ತಿಗೆ ಆರಂಭವೇ ಇಲ್ಲ, ಅದು ಯಾವಾಗಲೂ ಇತ್ತು ಎಂಬುದು ಆ ಅಭಿಪ್ರಾಯ.

ಇದನ್ನು ಒಪ್ಪದ ಮೊದಲಿಗರಲ್ಲಿ ಒಬ್ಬರು ಅಲ್ ಕಿಂದಿ. ಅರಬರ ತತ್ವಜ್ಞಾನಿ ಎಂದೇ ಅವರಿಗೆ ಹೆಸರು. ಖಲೀಫ ಮುಅ್ತಸಿಮರಿಗೆ ಅರ್ಪಿಸಿ ಬರೆದ ಪುಸ್ತಕದಲ್ಲಿ ಅವರು ಹೇಳಿದ್ದು ಇಷ್ಟು: ಕಳೆದುಹೋದ ಕಾಲಕ್ಕೆ ಕೊನೆಯೇ ಇಲ್ಲದಿದ್ದರೆ ಅದು ಮುಗಿದು ಇವತ್ತಿನವರೆಗೆ ಬರಲು ಸಾಧ್ಯವಿಲ್ಲ. ಇವತ್ತು ಬಂದಿದೆ. ಆದ್ದರಿಂದ ಕಾಲಕ್ಕೆ ಒಂದು ಆರಂಭ ಇರಲೇಬೇಕು. ಈ ವಾದದ ಬೀಜ ಅವರಿಗಿಂತ ಮೂರು ಶತಮಾನ ಹಿಂದಿನದು. ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ವಾಂಸ ಜಾನ್ ಫಿಲೋಪೊನಸ್ 529ರಲ್ಲೇ ಇಂಥದನ್ನು ಬರೆದಿದ್ದರು. ವಾದಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ ಎಂಬುದು ಈ ಚರಿತ್ರೆಯಲ್ಲಿ ಉದ್ದಕ್ಕೂ ಕಾಣುತ್ತದೆ.

ದರ್ಸಿನಲ್ಲಿ ಕಿತಾಬ್ ಓದಿದವರಿಗೆ ಇದರ ಸಣ್ಣ ರೂಪ ಗೊತ್ತಿರುತ್ತದೆ. ಜಗತ್ತು ಬದಲಾಗುತ್ತದೆ, ಬದಲಾಗುವುದೆಲ್ಲ ಹಾದಿಸ್, ಆದ್ದರಿಂದ ಜಗತ್ತು ಹಾದಿಸ್. ಹಾದಿಸ್ ಎಂದರೆ ಮೊದಲು ಇಲ್ಲದೆ ಆಮೇಲೆ ಉಂಟಾದದ್ದು. ಹಾಗೆ ಉಂಟಾದದ್ದಕ್ಕೆ ಉಂಟುಮಾಡಿದವನು ಬೇಕು. ಇಲ್ಮುಲ್ ಕಲಾಮಿನ ವಾದದ ಅಡಿಪಾಯ ಇದೇ.

ಉದ್ರಿ ಪುಸ್ತಕದ ವಾದ

ಇಬ್ನು ಸೀನಾ ಹುಟ್ಟಿದ್ದು 980ರಲ್ಲಿ, ಬುಖಾರದ ಹತ್ತಿರ. ಅವರ ಆತ್ಮಕಥೆಯಲ್ಲಿ ಅಂಗಡಿಯವರ ಮಕ್ಕಳಿಗೆ ಇಷ್ಟವಾಗುವ ಪ್ರಸಂಗವೊಂದಿದೆ. ಅರಿಸ್ಟಾಟಲನ ಪುಸ್ತಕವೊಂದನ್ನು ನಲ್ವತ್ತು ಸಲ ಓದಿ ಬಾಯಿಪಾಠ ಆದರೂ ಅವರಿಗೆ ಅರ್ಥವಾಗಲಿಲ್ಲ. ಒಂದು ದಿನ ಪುಸ್ತಕದ ಪೇಟೆಯಲ್ಲಿ ದಲ್ಲಾಳಿಯೊಬ್ಬ ಒಂದು ಕಿರುಪುಸ್ತಕ ತಂದು ಹಿಡಿದ. ಬೇಡ ಎಂದರೂ ಬಿಡಲಿಲ್ಲ. ಇದರ ಯಜಮಾನನಿಗೆ ದುಡ್ಡಿನ ತಾಪತ್ರಯ, ಮೂರು ದಿರ್ಹಂಗೆ ಕೊಡುತ್ತೇನೆ ಎಂದ. ತೆಗೆದುಕೊಂಡರು. ನೋಡಿದರೆ ಆ ಪುಸ್ತಕದ ಉದ್ದೇಶವನ್ನೇ ವಿವರಿಸಿ ಫಾರಾಬಿ ಬರೆದದ್ದು. ಮನೆಗೆ ಹೋಗಿ ಓದಿದಾಗ ಎಲ್ಲ ತೆರೆದುಕೊಂಡಿತು. ಮರುದಿನ ಬಡವರಿಗೆ ಸದಖ ಹಂಚಿದರು.

ಇಬ್ನು ಸೀನಾ ಹೊಸ ದಾರಿ ಹಿಡಿದರು. ಜಗತ್ತಿಗೆ ಆರಂಭ ಇತ್ತೋ ಇಲ್ಲವೋ ಎಂಬ ಜಗಳ ಪಕ್ಕಕ್ಕಿಡಿ, ಆರಂಭ ಇಲ್ಲದಿದ್ದರೂ ದೇವರು ಬೇಕು ಎಂದರು. ಇದನ್ನು ನಾನು ಅಳಿಯನಿಗೆ ಉಪ್ಪನ ಉದ್ರಿ ಪುಸ್ತಕ ಇಟ್ಟು ವಿವರಿಸಿದೆ.

ನಿನ್ನ ಕೈಯಲ್ಲಿ ನೂರು ರೂಪಾಯಿ ಇದೆ. ನಿನ್ನದಲ್ಲ, ನನ್ನಿಂದ ಸಾಲ ತಂದದ್ದು. ನನ್ನದೂ ಅಲ್ಲ, ಪಕ್ಕದ ಅಂಗಡಿಯವರಿಂದ ತಂದದ್ದು. ಅವರೂ ಇನ್ನೊಬ್ಬರಿಂದ. ಈ ಸಾಲು ಎಷ್ಟು ಉದ್ದ ಬೇಕಾದರೂ ಇರಲಿ, ಕೊನೆಯೇ ಇಲ್ಲ ಎಂದೇ ಇಟ್ಟುಕೋ. ಸಾಲಿನಲ್ಲಿರುವ ಎಲ್ಲರೂ ಸಾಲಗಾರರೇ ಆದರೆ ಈ ನೂರು ರೂಪಾಯಿ ಬಂದದ್ದೆಲ್ಲಿಂದ? ಸ್ವಂತ ದುಡ್ಡು ಇರುವವನು ಒಬ್ಬ ಬೇಕು. ನಾವು, ಮರ, ಕಡಲು, ನಕ್ಷತ್ರ ಎಲ್ಲ ಇರಲೂಬಹುದು, ಇಲ್ಲದಿರಲೂಬಹುದು. ಇವನ್ನು ಅವರು 'ಮುಮ್ಕಿನ್' ಎಂದರು. ಇವುಗಳ ಇರುವಿಕೆ ಸಾಲದ್ದು. ಯಾರಿಂದಲೂ ಸಾಲ ತರದೆ ತಾನಾಗಿ ಇರುವವನು 'ವಾಜಿಬುಲ್ ವುಜೂದ್', ಇರಲೇಬೇಕಾದವನು.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸ್ವಂತ ದುಡ್ಡಿನವನು ನನ್ನ ದುಆ ಕೇಳುತ್ತಾನೆ ಎಂದು ಇದರಲ್ಲಿ ಎಲ್ಲಿದೆ?" ಎಂದ.

ಒಳ್ಳೆಯ ಪ್ರಶ್ನೆ. ಇದೇ ಅಸಮಾಧಾನ ಇನ್ನೊಬ್ಬರಿಗೂ ಇತ್ತು.

ತೂಸಿನ ಅಂಗಡಿಯವರ ಮಗ

ಇಮಾಮ್ ಗಝ್ಝಾಲಿ(ರ) ಹುಟ್ಟಿದ್ದು 1058ರಲ್ಲಿ, ಇವತ್ತಿನ ಇರಾನಿನ ತೂಸ್‌ನಲ್ಲಿ. ಅವರ ತಂದೆ ಉಣ್ಣೆ ನೂತು ತನ್ನ ಅಂಗಡಿಯಲ್ಲಿ ಮಾರುತ್ತಿದ್ದರು ಎಂದು ಚರಿತ್ರೆಕಾರ ಸುಬ್ಕಿ ಬರೆದಿದ್ದಾರೆ. ನಮ್ಮಂತೆ ಶಾಫಿಈ ಮದ್ಹಬ್, ಅಶ್‌ಅರಿ ಅಖೀದ. ನೈಸಾಬೂರಿನಲ್ಲಿ ಇಮಾಮುಲ್ ಹರಮೈನಿ ಜುವೈನಿಯವರ ಶಿಷ್ಯ. 1091ರಲ್ಲಿ ವಝೀರ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯ್ಯಕ್ಕೆ ಗುರುಗಳಾಗಿ ನೇಮಿಸಿದರು. ಆಗ ಅವರ ವಯಸ್ಸು ಇನ್ನೂ ಮೂವತ್ತರ ಆಸುಪಾಸು, ಈಗ ನನ್ನದಿರುವಷ್ಟು.

1095ರ ಆರಂಭದಲ್ಲಿ ಅವರು ಮುಗಿಸಿದ 'ತಹಾಫುತುಲ್ ಫಲಾಸಿಫ' ತತ್ವಜ್ಞಾನಿಗಳ ಇಪ್ಪತ್ತು ಅಭಿಪ್ರಾಯಗಳನ್ನು ಒಂದೊಂದಾಗಿ ಬಿಚ್ಚುತ್ತದೆ. ಮೊದಲನೆಯದೇ ಜಗತ್ತಿಗೆ ಆರಂಭ ಇಲ್ಲ ಎಂಬುದು. ಅಲ್ಲಿ ಗ್ರಹಗಳ ಲೆಕ್ಕವೊಂದಿದೆ. ಸೂರ್ಯ ಒಂದು ಸುತ್ತಿಗೆ ಒಂದು ವರ್ಷ ತೆಗೆದುಕೊಂಡರೆ ಶನಿ ಮೂವತ್ತು, ಗುರು ಹನ್ನೆರಡು ವರ್ಷ ತೆಗೆದುಕೊಳ್ಳುತ್ತದೆ. ಅಂದರೆ ಶನಿಯ ಸುತ್ತುಗಳು ಸೂರ್ಯನ ಸುತ್ತುಗಳ ಮೂವತ್ತರಲ್ಲಿ ಒಂದು ಪಾಲು. ಕಾಲಕ್ಕೆ ಆರಂಭವೇ ಇಲ್ಲದಿದ್ದರೆ ಎರಡೂ ಅನಂತ. ಒಂದು ಇನ್ನೊಂದರ ಮೂವತ್ತರ ಒಂದು ಪಾಲೂ ಹೌದು, ಎರಡೂ ಅನಂತವೂ ಹೌದು ಎಂದರೆ ಹೇಗೆ? ಆ ಸುತ್ತುಗಳ ಸಂಖ್ಯೆ ಸಮವೋ ಬೆಸವೋ?

ತತ್ವಜ್ಞಾನಿಗಳು ತಿರುಗಿ ಕೇಳುತ್ತಿದ್ದರು: ಆರಂಭ ಇದ್ದರೆ ಆ ಗಳಿಗೆಯಲ್ಲೇ ಯಾಕೆ ಆರಂಭವಾಯಿತು? ಅದಕ್ಕಿಂತ ಮೊದಲಿನ ಗಳಿಗೆಗೂ ಇದಕ್ಕೂ ಏನು ವ್ಯತ್ಯಾಸ? ಇಮಾಮರ ಉತ್ತರಕ್ಕೆ ಎರಡು ಖರ್ಜೂರ ಸಾಕಾಯಿತು. ಹಸಿದವನ ಮುಂದೆ ಎಲ್ಲ ರೀತಿಯಲ್ಲೂ ಒಂದೇ ತರದ ಎರಡು ಖರ್ಜೂರ ಇವೆ, ತೆಗೆದುಕೊಳ್ಳಲು ಬಿಡುವುದು ಒಂದನ್ನೇ. ವ್ಯತ್ಯಾಸ ಕಾಣಲಿಲ್ಲವೆಂದು ಅವನು ಹಸಿದೇ ಕೂರುತ್ತಾನೆಯೇ? ಒಂದನ್ನು ತೆಗೆದುಕೊಳ್ಳುತ್ತಾನೆ. ಒಂದೇ ತರದ ಎರಡರಲ್ಲಿ ಒಂದನ್ನು ಆರಿಸುವ ಶಕ್ತಿಗೇ ಇರಾದತ್, ಇಚ್ಛೆ ಎಂದು ಹೆಸರು. ಹೀಗೆ ಇಮಾಮರ ವಾದ ಬರೀ ಒಂದು ಕಾರಣಕ್ಕೆ ಬಂದು ನಿಲ್ಲುವುದಿಲ್ಲ, ಇಚ್ಛಿಸುವವನೊಬ್ಬನ ಕಡೆಗೆ ಹೋಗುತ್ತದೆ. ದುಆ ಕೇಳುವವನು ಬೇಕು ಎಂದ ಅಳಿಯನಿಗೆ ಇದು ಹಿಡಿಸಿತು.

ನನಗೆ ಅಚ್ಚರಿಯಾದದ್ದು ಇನ್ನೊಂದು. ಇಬ್ನು ಸೀನಾರ ವಾದವನ್ನೂ ಇಮಾಮರು ಹಾಗೇ ಬಿಡಲಿಲ್ಲ. ಸಾಲಿನ ಒಂದೊಂದಕ್ಕೂ ಕಾರಣ ಬೇಕು ಎಂದ ಮಾತ್ರಕ್ಕೆ ಇಡೀ ಸಾಲಿಗೆ ಹೊರಗಿನ ಕಾರಣ ಬೇಕು ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಪಾದ್ರಿ ಕೊಪಲ್‌ಸ್ಟನ್ ಜೊತೆ ನಡೆದ ಚರ್ಚೆಯಲ್ಲಿ ದೇವರನ್ನು ನಂಬದ ಬರ್ಟ್ರಂಡ್ ರಸೆಲ್ ಇದೇ ಜಾತಿಯ ಆಕ್ಷೇಪ ಎತ್ತಿದರು. ಪ್ರತಿ ಮನುಷ್ಯನಿಗೆ ತಾಯಿ ಇದ್ದಾಳೆ ಎಂದರೆ ಮನುಷ್ಯ ಕುಲಕ್ಕೇ ಒಬ್ಬ ತಾಯಿ ಇರಬೇಕಾಗಿಲ್ಲ ಎಂಬುದು ಅವರ ಉದಾಹರಣೆ. ಅಂದರೆ ನಾಸ್ತಿಕರ ಹೊಸ ಅಸ್ತ್ರ ಎಂದು ನಮ್ಮ ಮಕ್ಕಳು ಇಂಟರ್‌ನೆಟ್ಟಿನಲ್ಲಿ ನೋಡಿ ಬೆರಗಾಗುವ ಆಕ್ಷೇಪವನ್ನು ಎಂಟೂವರೆ ಶತಮಾನ ಮೊದಲೇ ಹುಜ್ಜತುಲ್ ಇಸ್ಲಾಂ ಎನಿಸಿಕೊಂಡವರೇ ಬರೆದಿಟ್ಟಿದ್ದಾರೆ. ತನ್ನ ಕಡೆಗೇ ಸೇರುವ ತೀರ್ಮಾನವಾದರೂ ತೂಕ ಕಡಿಮೆ ಇದ್ದರೆ ಅವರು ಸುಮ್ಮನಿರಲಿಲ್ಲ.

ಗೇರ್ ಮತ್ತು ಅಪ್ಪ ಮಗ

ಇಮಾಮರಿಗೆ ಉತ್ತರ ಕೊಟ್ಟವರು ಸ್ಪೇನಿನ ಕುರ್ತುಬದ ಇಬ್ನು ರುಶ್ದ್. 1126ರಲ್ಲಿ ಜನನ, ಖಾಝಿಗಳ ಮನೆತನ, ತಾವೂ ಖಾಝಿ. 1180ರ ಸುಮಾರಿಗೆ 'ತಹಾಫುತುತ್ತಹಾಫುತ್' ಬರೆದು ಇಮಾಮರ ಪುಸ್ತಕವನ್ನು ಸಾಲು ಸಾಲಾಗಿ ಪರಿಶೀಲಿಸಿದರು. ಅವರು ಮಾಡಿದ ಒಂದು ವಿಂಗಡಣೆ ನಮ್ಮ ವರ್ಕ್‌ಶಾಪಿನಲ್ಲಿ ಕಣ್ಣಿಗೇ ಕಾಣುತ್ತದೆ.

ಅಪ್ಪನಿಂದ ಮಗ, ಮಗನಿಂದ ಮೊಮ್ಮಗ. ಅಜ್ಜ ತೀರಿಹೋದರೂ ಮಗನಿಗೆ ಮಕ್ಕಳಾಗುವುದು ನಿಲ್ಲುವುದಿಲ್ಲ. ಇಂಥ ಸಾಲು ಹಿಂದಕ್ಕೆ ಕೊನೆಯಿಲ್ಲದೆ ಹೋದರೂ ತರ್ಕಕ್ಕೆ ತೊಂದರೆ ಇಲ್ಲ ಎಂದರು ಇಬ್ನು ರುಶ್ದ್. ಇನ್ನೊಂದು ತರದ ಸಾಲು ಇದೆ. ಲೇತಿನ ಗೇರ್ ಬಾಕ್ಸ್ ನೋಡಿ. ಕೊನೆಯ ಗೇರ್ ತಿರುಗುವುದು ಅದರ ಹಿಂದಿನ ಗೇರ್ ಈಗ, ಇದೇ ಕ್ಷಣದಲ್ಲಿ ತಿರುಗುತ್ತಿರುವುದರಿಂದ. ಹಿಂದಿನದು ನಿಂತರೆ ಇದೂ ನಿಂತಿತು. ಗೇರುಗಳಿಗೆ ಸ್ವಂತ ಬಲ ಇಲ್ಲ, ಬಂದ ಬಲವನ್ನು ದಾಟಿಸುತ್ತವೆ ಅಷ್ಟೇ. ಹತ್ತು ಗೇರ್ ಇದ್ದಲ್ಲಿ ಹತ್ತು ಸಾವಿರ ಹಾಕಿದರೂ ಮೋಟಾರ್ ಇಲ್ಲದೆ ಒಂದು ಹಲ್ಲೂ ಅಲುಗದು. ಗೇರ್ ಉದಾಹರಣೆ ನನ್ನದು, ವಿಂಗಡಣೆ ಅವರದು. ದೇವರ ವಾದ ನಿಲ್ಲಬೇಕಾದ್ದು ಈ ಎರಡನೇ ಸಾಲಿನ ಮೇಲೆ ಎಂಬುದು ಅವರ ನಿಲುವು.

ಕಲಾಮಿನ ವಾದಗಳು ವಿದ್ವಾಂಸರಿಗೆ ಸಾಕಷ್ಟು ಗಟ್ಟಿಯಿಲ್ಲ, ಸಾಮಾನ್ಯರಿಗೆ ಸಾಕಷ್ಟು ಸುಲಭವಿಲ್ಲ ಎಂಬುದು ಅವರ ದೂರು. ಜನರಿಗೆ ಖುರ್‌ಆನಿನದೇ ಎರಡು ದಾರಿ ಸಾಕು ಎಂದರು. ಹಗಲು ರಾತ್ರಿ, ಮಳೆ, ಋತುಗಳು ನಮ್ಮ ಬದುಕಿಗೆ ಹೊಂದಿಕೊಂಡಿರುವುದು ಒಂದು. ಜೀವವಿಲ್ಲದ ವಸ್ತುವಿನಲ್ಲಿ ಜೀವ ಉಂಟಾಗುವುದು ಇನ್ನೊಂದು.

ಅವರ ಕೊನೆಗಾಲ ಸುಖದ್ದಲ್ಲ. 1195ರಲ್ಲಿ ಊರಿನಿಂದ ಹೊರಗೆ ಹಾಕಿದರು, ತತ್ವಶಾಸ್ತ್ರದ ಪುಸ್ತಕಗಳನ್ನು ಸುಟ್ಟರು. ಕೊನೆಗೆ ಮತ್ತೆ ಕರೆಸಿಕೊಂಡರೂ 1198ರಲ್ಲಿ ಮರಾಕಿಶ್‌ನಲ್ಲಿ ತೀರಿಹೋದರು. ಮಯ್ಯತ್ತನ್ನು ಕುರ್ತುಬಕ್ಕೆ ತಂದ ದಿನ ಇಬ್ನು ಅರಬಿ ಅಲ್ಲಿದ್ದರು. ಹೇರುವ ಪ್ರಾಣಿಯ ಒಂದು ಬದಿಗೆ ಪೆಟ್ಟಿಗೆ, ಭಾರ ಸಮ ಆಗಲೆಂದು ಇನ್ನೊಂದು ಬದಿಗೆ ಅವರೇ ಬರೆದ ಪುಸ್ತಕಗಳು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆಚೆ ದಡ, ನಮ್ಮ ನೆರೆ

ಆ ಪುಸ್ತಕಗಳು ಸಾಯಲಿಲ್ಲ. ಟೊಲೆಡೊ ಮುಂತಾದ ಊರುಗಳಲ್ಲಿ ಲ್ಯಾಟಿನಿಗೆ ಹೋದವು. ಥಾಮಸ್ ಅಕ್ವಿನಾಸ್ (1225-1274) ದೇವರಿಗೆ ಕೊಟ್ಟ ಐದು ದಾರಿಗಳಲ್ಲಿ ಮೂರನೆಯದು ಇಬ್ನು ಸೀನಾರ ವಾದದ ಹತ್ತಿರದ ಸಂಬಂಧಿ. ಜಗತ್ತಿಗೆ ಆರಂಭ ಇತ್ತೆಂಬುದು ವಿಶ್ವಾಸದ ವಿಷಯ, ಬುದ್ಧಿಯಿಂದ ಸಾಬೀತು ಮಾಡಲಾಗದು ಎಂದು ಅವರು ಇಮಾಮ್ ಗಝ್ಝಾಲಿಯವರಿಂದ ಬೇರೆಯಾದರು. 1781ರಲ್ಲಿ ಜರ್ಮನಿಯ ಕಾಂಟ್, ಬರೀ ಬುದ್ಧಿಯಿಂದ ದೇವರನ್ನು ಸಾಬೀತು ಮಾಡಲೂ ಆಗದು, ಇಲ್ಲವೆಂದು ಸಾಬೀತು ಮಾಡಲೂ ಆಗದು ಎಂದರು. ಅನಂತ ಸಂಖ್ಯೆಗಳಲ್ಲಿ ಒಂದು ಪಾಲೂ ಇಡೀ ಗುಂಪೂ ಒಂದಕ್ಕೊಂದು ಜೋಡಿಯಾಗಬಹುದು, ಅದರಲ್ಲಿ ವಿರೋಧ ಇಲ್ಲ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಗಣಿತಜ್ಞ ಕ್ಯಾಂಟರ್ ತೋರಿಸಿದರು. ಶನಿ ಸೂರ್ಯರ ಲೆಕ್ಕಕ್ಕೆ ಇದು ದೊಡ್ಡ ಪೆಟ್ಟು. ಗಣಿತದಲ್ಲಿ ಆದದ್ದು ನಿಜವಾಗಿ ನಡೆದ ದಿನಗಳಲ್ಲೂ ಆಗುತ್ತದೆಯೇ ಎಂಬ ಚರ್ಚೆ ಇನ್ನೂ ಇದೆ. 1979ರಲ್ಲಿ ವಿಲಿಯಂ ಲೇನ್ ಕ್ರೇಗ್ ಎಂಬ ಅಮೆರಿಕದ ಕ್ರೈಸ್ತ ವಿದ್ವಾಂಸರು ಹಳೆಯ ವಾದವನ್ನು ಮತ್ತೆ ಎತ್ತಿಕೊಂಡು ಪುಸ್ತಕ ಬರೆದರು. ಅದರ ಹೆಸರಿನಲ್ಲೇ 'ಕಲಾಂ' ಎಂಬ ನಮ್ಮ ಪದ ಇದೆ.

"ಬಿಗ್ ಬ್ಯಾಂಗ್ ಇದೆಯಲ್ಲ, ಅಲ್ಲಿಗೆ ಮುಗಿಯಿತಲ್ಲ?" ಎಂದು ಕೆಲವರು ಭಾಷಣಗಳಲ್ಲಿ ಹೇಳುತ್ತಾರೆ. ಆ ಸಿದ್ಧಾಂತಕ್ಕೆ ದಾರಿ ತೆರೆದ ಲೆಮೈಟರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಅವರೇ ತನ್ನ ವಿಜ್ಞಾನವನ್ನು ಧರ್ಮದ ಪುರಾವೆಯಾಗಿ ಬಳಸುವುದನ್ನು ಒಪ್ಪಲಿಲ್ಲ. ನಾವೂ ಎಚ್ಚರದಲ್ಲಿರುವುದು ಒಳ್ಳೆಯದು. ನಾಳೆ ವಿಜ್ಞಾನದ ಲೆಕ್ಕ ಬದಲಾದರೆ ನಮ್ಮ ಮಕ್ಕಳ ಈಮಾನನ್ನೂ ಬದಲಾಯಿಸಬೇಕೇ?

ಈ ವಾದ ನಮ್ಮ ನಾಡಿಗೂ ಹೊಸದಲ್ಲ. ಇಬ್ನು ಸೀನಾ ನಾಲ್ಕು ವರ್ಷದ ಮಗು ಆಗಿದ್ದ 984ರಲ್ಲಿ ಮಿಥಿಲೆಯ ಉದಯನ ಒಂದು ಗ್ರಂಥ ಮುಗಿಸಿದ್ದ. ಅವನದೇ 'ನ್ಯಾಯಕುಸುಮಾಂಜಲಿ' ಈಶ್ವರನಿದ್ದಾನೆ ಎಂದು ವಾದಿಸುವುದಕ್ಕೇ ಬರೆದದ್ದು. ಮಡಕೆಗೆ ಕುಂಬಾರ ಬೇಕಾದಂತೆ ಜಗತ್ತಿಗೂ ಕರ್ತೃ ಬೇಕು ಎಂಬುದು ಅದರ ಮುಖ್ಯ ವಾದಗಳಲ್ಲಿ ಒಂದು. ಅದಕ್ಕೂ ಮೊದಲೇ, ಒಂಬತ್ತನೇ ಶತಮಾನದಲ್ಲಿ, ಮಾನ್ಯಖೇಟದ ಅಮೋಘವರ್ಷನ ಗುರು ಜಿನಸೇನಾಚಾರ್ಯರು ತಮ್ಮ ಸಂಸ್ಕೃತ 'ಆದಿಪುರಾಣ'ದಲ್ಲಿ ಇದಕ್ಕೆ ವಿರುದ್ಧ ಕೇಳಿದ್ದರು: ಜಗತ್ತು ಇಲ್ಲದಾಗ ಅದನ್ನು ಮಾಡಿದವನು ಎಲ್ಲಿ ನಿಂತಿದ್ದ, ಸಾಮಗ್ರಿ ಎಲ್ಲಿಂದ ತಂದ? ಪಂಪ ಕನ್ನಡದಲ್ಲಿ 'ಆದಿಪುರಾಣ' ಬರೆದದ್ದು ಇದನ್ನು ಆಧರಿಸಿ. ಉಡುಪಿ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು, ದೇವರು ತಿಳಿಯುವುದು ಆಗಮದಿಂದಲೇ, ಬರೀ ಅನುಮಾನದ ತರ್ಕದಿಂದಲ್ಲ ಎಂದರು. ಮೂಡಬಿದ್ರೆಯ ಬಸದಿ, ಉಡುಪಿಯ ಮಠ, ನಮ್ಮ ಪಳ್ಳಿ ದರ್ಸ್ ಒಂದೇ ಕರಾವಳಿಯಲ್ಲಿ ಅಕ್ಕಪಕ್ಕ ಇವೆ. ನೂರಾರು ವರ್ಷ ಒಂದೇ ಸಂತೆಯಲ್ಲಿ ಅಕ್ಕಿ ಬೆಲ್ಲ ಕೊಂಡವರ ಮನೆಗಳಲ್ಲಿ ಒಂದೇ ಪ್ರಶ್ನೆಗೆ ಮೂರು ಉತ್ತರ ಇತ್ತು.

ಮದ್ದು ಮತ್ತು ಅನ್ನ

ಅಳಿಯ ಎಲ್ಲ ಕೇಳಿ, "ಹಾಗಾದರೆ ಯಾರೂ ಪೂರ್ತಿ ಗೆಲ್ಲಲಿಲ್ಲ" ಎಂದ. ನಾನು ಇಲ್ಲ ಎಂದೆ. ಅವನಿಗೆ ಸುಳ್ಳು ಹೇಳಬಾರದು ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಎಂಬಂತೆ ಎಲ್ಲರ ಬಾಯಿ ಮುಚ್ಚಿಸುವ ವಾದ ಎರಡು ಕಡೆಯಲ್ಲೂ ಇಲ್ಲ. ಆದರೆ ವಿಶ್ವಾಸ ಇಟ್ಟವರು ಬುದ್ಧಿಗೆ ಬೀಗ ಹಾಕಿದವರು ಎಂಬ ಮಾತೂ ಸುಳ್ಳು ಎಂದು ಈ ಚರಿತ್ರೆ ತೋರಿಸುತ್ತದೆ.

ಆಮೇಲೆ ಕೊನೆಯ ವಿಷಯ ಹೇಳಿದೆ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದು. ಇಮಾಮ್ ಗಝ್ಝಾಲಿ(ರ) ತಮ್ಮ 'ಅಲ್ ಮುನ್ಖಿದ್' ಎಂಬ ಪುಸ್ತಕದಲ್ಲಿ ತಮಗೆ ಬಂದ ಸಂಶಯವನ್ನು ಮುಚ್ಚಿಡದೆ ಬರೆದಿದ್ದಾರೆ. ಸುಮಾರು ಎರಡು ತಿಂಗಳು ಅವರಿಗೆ ಕಣ್ಣು ಕಂಡದ್ದರ ಮೇಲೂ ಬುದ್ಧಿ ಹೇಳಿದ್ದರ ಮೇಲೂ ನಂಬಿಕೆ ಇರಲಿಲ್ಲ. ಅದನ್ನು ಅವರು ಕಾಯಿಲೆ ಎಂದೇ ಕರೆದರು. ಗುಣವಾದದ್ದು ವಾದ ಜೋಡಿಸಿ ಅಲ್ಲ, ಅಲ್ಲಾಹು ಎದೆಯಲ್ಲಿ ಹಾಕಿದ ಬೆಳಕಿನಿಂದ ಎಂದರು. ಮತ್ತೆ 1095ರಲ್ಲಿ, ತಹಾಫುತ್ ಬರೆದ ವರ್ಷವೇ, ಪಾಠ ಹೇಳಲು ನಾಲಗೆ ಏಳಲಿಲ್ಲ, ಊಟ ಇಳಿಯಲಿಲ್ಲ, ವೈದ್ಯರು ಕೈಬಿಟ್ಟರು. ದೊಡ್ಡ ಹುದ್ದೆ ಬಿಟ್ಟು ಬಗ್ದಾದಿನಿಂದ ಹೊರಟರು. ದಮಸ್ಕಸ್, ಬೈತುಲ್ ಮಖ್ದಿಸ್, ಮಕ್ಕ ಸುತ್ತಿದರು. 1111ರಲ್ಲಿ ತೂಸ್‌ನಲ್ಲಿ ವಫಾತಾಗುವ ಸ್ವಲ್ಪ ಮೊದಲು ಬರೆದ ಪುಸ್ತಕದಲ್ಲಿ ಅವರ ಅಭಿಪ್ರಾಯ ಹೀಗಿದೆ: ಖುರ್‌ಆನಿನ ಪುರಾವೆಗಳು ಎಲ್ಲರಿಗೂ ಬೇಕಾದ ಅನ್ನದ ಹಾಗೆ, ಕಲಾಮಿನ ವಾದಗಳು ಮದ್ದಿನ ಹಾಗೆ. ಮದ್ದು ಕೆಲವರಿಗೆ ಬೇಕು, ಹೆಚ್ಚಿನವರಿಗೆ ಬೇಡ.

ಇಲ್ಲಿ ನಮ್ಮ ಮನೆಯ ಹಿರಿಯರಿಗೂ ನನ್ನದೊಂದು ಮಾತಿದೆ. ಸಂಶಯ ಕಾಯಿಲೆ ಎಂದೇ ಇಟ್ಟುಕೊಳ್ಳೋಣ. ಜ್ವರ ಬಂದ ಮಗುವಿಗೆ ನಾವು ಬೈಯುತ್ತೇವಾ? ಬಾಗಿಲು ಹಾಕಿ ಬಿಡುತ್ತೇವಾ? ನಾನು ಸಣ್ಣವನಿದ್ದಾಗ ಇಂಥದೇ ಒಂದು ಪ್ರಶ್ನೆ ಕೇಳಿ, ಕೂತ್ಕೋ ಎಂದು ಗದರಿಸಿಕೊಂಡಿದ್ದೆ. ಆಮೇಲೆ ಇಪ್ಪತ್ತು ವರ್ಷ ಯಾರನ್ನೂ ಏನೂ ಕೇಳಲಿಲ್ಲ. ಅಳಿಯ ಕೇಳಿದಾಗ ನನ್ನಲ್ಲಿ ಉತ್ತರ ಇಲ್ಲದ್ದಕ್ಕೆ ಅದೂ ಒಂದು ಕಾರಣ.

ಉಪ್ಪನಿಗೆ ಇಬ್ನು ಸೀನಾ ಯಾರೆಂದು ಗೊತ್ತಿಲ್ಲ. ಆದರೆ ಗಿರಾಕಿ ಯಾರಾದರೂ ತೂಕ ಸರಿ ಉಂಟಾ ಎಂದು ಕೇಳಿದರೆ ಅವರು ಸಿಟ್ಟಾದದ್ದನ್ನು ನಾನು ನೋಡಿಲ್ಲ. ತಕ್ಕಡಿಯನ್ನು ಅವನಿಗೆ ಕಾಣುವ ಹಾಗೆ ತಿರುಗಿಸಿ, ನೋಡಿಕೊಳ್ಳಿ ಎನ್ನುತ್ತಾರೆ. ತೂಕ ಸರಿ ಇದೆ ಎಂಬ ಧೈರ್ಯ ಇರುವವನು ಮಾಡುವುದು ಅಷ್ಟೇ.

ಅಳಿಯ ಈಗ ಎಲ್ಲ ಜುಮಾಕ್ಕೂ ಬರುತ್ತಾನೆ ಎಂದು ಬರೆದರೆ ನಿಮಗೆ ಖುಷಿಯಾಗಬಹುದು, ಆದರೆ ಅದು ನಿಜವಲ್ಲ. ಕೆಲವು ವಾರ ಬರುತ್ತಾನೆ, ಕೆಲವು ವಾರ ಇಲ್ಲ. ಅಕ್ಕನ ಜೊತೆ ಕೂತು ಊಟ ಮಾಡುತ್ತಾನೆ. ಭಾವ ಈಗ ಫೋನಿನಲ್ಲಿ ಅವನ ಓದಿನ ಬಗ್ಗೆ ಮೊದಲು ಕೇಳುತ್ತಾರಂತೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ನನಗೆ ಮೆಸೇಜ್ ಹಾಕಿದ್ದ: "ಮಾಮಾ, ಆ ಎರಡು ಖರ್ಜೂರದ ವಾದಕ್ಕೆ ಇಬ್ನು ರುಶ್ದ್ ಏನು ಉತ್ತರ ಕೊಟ್ಟರು?"

ಹುಡುಕುತ್ತಿದ್ದೇನೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಉಸ್ತಾದರು, ಕಿತಾಬ್ ಓದಿದವರು ದಯವಿಟ್ಟು ತಿದ್ದಿ. ನಮಗಾಗಿ, ನಮ್ಮ ಮಕ್ಕಳಿಗಾಗಿ ದುಆ ಮಾಡಿ.